ಬೆಂಗಳೂರಿನ ಹೆಸರು, ಕೋಟೆ ಮತ್ತು ಕಚೇರಿ: ರಾಜಧಾನಿಯ ಕಟ್ಟಡಗಳನ್ನು ಕುರಿತು ಒಂದು ವಿಚಾರ

ಬೆಂಗಳೂರಿನ ಸ್ಮಾರಕಗಳನ್ನು ಕುರಿತು ಬರೆಯುವವರು ಕೆಂಪೇಗೌಡನ ನಾಲ್ಕು ಗೋಪುರಗಳಿಂದ ಆರಂಭಿಸುವುದು ವಾಡಿಕೆ. ಲಾಲ್‌ಬಾಗಿನ ಬಂಡೆಯ ಮೇಲೊಂದು, ಹಲಸೂರು ಕೆರೆಯ ಬಳಿ ಒಂದು, ಕೆಂಪಾಂಬುಧಿ ಕೆರೆಯ ಸಮೀಪದಲ್ಲಿ ಒಂದು, ಬಳ್ಳಾರಿ ರಸ್ತೆಯ ಮೇಖ್ರಿ ವೃತ್ತದ ಹತ್ತಿರ ಒಂದು, ಹೀಗೆ ನಾಲ್ಕು ದಿಕ್ಕುಗಳಲ್ಲಿ ನಿಂತಿರುವ ಈ ಸಣ್ಣ ಮಂಟಪಗಳು ನಗರದ ಎಲ್ಲೆಗಳೆಂದೂ, ಊರು ಇಲ್ಲಿಯವರೆಗೆ ಬೆಳೆಯುವುದೆಂದು ಕಟ್ಟಿಸಿದವನು ಮುಂಗಂಡಿದ್ದನೆಂದೂ ಜನಶ್ರುತಿ. ಅವುಗಳನ್ನು ಕಟ್ಟಿಸಿದವನು ಊರನ್ನು ಸ್ಥಾಪಿಸಿದ ಹಿರಿಯ ಕೆಂಪೇಗೌಡನಲ್ಲ, ಅವನ ತರುವಾಯದ ಇಮ್ಮಡಿ ಕೆಂಪೇಗೌಡನೆಂಬುದೇ ಹೆಚ್ಚು ಪ್ರಚಲಿತವಾದ ಅಭಿಪ್ರಾಯ. ಇರಲಿ. ಈ ಗೋಪುರಗಳು ನಮ್ಮ ಇತಿಹಾಸ ಬರವಣಿಗೆಯಲ್ಲಿ ಒಂದು ಅಭ್ಯಾಸವನ್ನು ಬೇರೂರಿಸಿವೆ. ನಾಲ್ಕು ಗೋಪುರಗಳ ಒಳಗಿನದು ರಾಜಧಾನಿ, ಅದಕ್ಕೆ ಇತಿಹಾಸವುಂಟು. ಹೊರಗಿನದು ಹಳ್ಳಿ, ಅದಕ್ಕೆ ಸ್ಥಳಪುರಾಣ ಮಾತ್ರ.

ಲಾಲ್‌ಬಾಗಿನ ಗೋಪುರದಿಂದ ನೇರವಾಗಿ ದಕ್ಷಿಣಕ್ಕೆ ಸುಮಾರು ಐದು ಮೈಲಿ ದೂರದಲ್ಲಿ, ಬನ್ನೇರುಘಟ್ಟದ ದಾರಿಯಲ್ಲಿ ಹುಳಿಮಾವು ಇದೆ. ಮೇಲಿನ ಲೆಕ್ಕದಂತೆ ಅದು ಹೊರಗಿನ ಹಳ್ಳಿ. ಅಲ್ಲಿಂದ ಪೂರ್ವಕ್ಕೆ ಎರಡು ಮೈಲಿ ನಡೆದರೆ ಬೇಗೂರು; ಬೇಗೂರಿನಿಂದ ಉತ್ತರಕ್ಕೆ ಮೂರು ಮೈಲಿಗಿಂತ ತುಸು ಹೆಚ್ಚು ನಡೆದರೆ ಮಡಿವಾಳ. ಈ ಊರುಗಳು ಇಂದು ಮಹಾನಗರದೊಳಗೆ ಸೇರಿಹೋಗಿವೆ. ಆದರೂ ರಾಜಧಾನಿಯ ಕಟ್ಟಡಗಳ ಪಟ್ಟಿಗಳಲ್ಲಿ ಅವುಗಳ ಹೆಸರು ಕಾಣುವುದು ಅಪರೂಪ. ಬೆಂಗಳೂರೆಂಬ ಹೆಸರಿಗೆ ಇರುವ ಅತ್ಯಂತ ಹಳೆಯ ಆಧಾರಗಳು ಈ ಹೊರಗಿನ ಹಳ್ಳಿಗಳಲ್ಲಿಯೇ ದೊರೆಯುತ್ತವೆಂಬುದನ್ನೂ, ನಗರದೊಳಗಿನ ಪ್ರಸಿದ್ಧ ಕಟ್ಟಡಗಳಲ್ಲಿ ಬಹುಪಾಲು ರಾಜಧಾನಿಯ ಕಟ್ಟಡಗಳಾಗಿ ಹುಟ್ಟಿದವಲ್ಲವೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಹೆಸರು ಬೇರೆ, ಪೇಟೆ ಬೇರೆ, ರಾಜಧಾನಿ ಬೇರೆ. ಈ ಮೂರಕ್ಕೂ ಒಂದೇ ಹುಟ್ಟಿದ ದಿನವನ್ನು ಗೊತ್ತುಮಾಡಿದುದರಿಂದ ಅನೇಕ ತಪ್ಪು ಗ್ರಹಿಕೆಗಳು ಬೆಳೆದಿವೆ.

ಹುಳಿಮಾವಿನಲ್ಲಿಯೇ ಒಂದು ಪ್ರಸಿದ್ಧವಾದ ಗುಹಾಲಯವಿದೆ. ಬಂಡೆಯ ಒಳಗೆ ನಡುವೆ ಶಿವಲಿಂಗ, ಇಕ್ಕೆಲಗಳಲ್ಲಿ ದೇವಿ ಮತ್ತು ಗಣಪತಿ. ಇದಕ್ಕೆ ಎರಡು ಸಾವಿರ ವರ್ಷಗಳಾದವೆಂದು ಹೇಳುವವರುಂಟು. ಭಕ್ತಿಗೆ ಕಾಲದ ಲೆಕ್ಕ ಬೇಕಾಗಿಲ್ಲ, ಇತಿಹಾಸಕ್ಕೆ ಬೇಕು. ಬರೆಹವಿಲ್ಲದ ಬಂಡೆಗೆ ವಯಸ್ಸನ್ನು ಆರೋಪಿಸುವುದು ಸಂಶೋಧಕನ ಕೆಲಸವಲ್ಲ. ಈ ಲೇಖಕನು ಅದೇ ಊರಿನ ನಿವಾಸಿಯಾದರೂ ಊರಿನ ಅಭಿಮಾನಕ್ಕಾಗಿ ಆ ಮಾತನ್ನು ಒಪ್ಪಲಾರನು. ಹುಳಿಮಾವಿನ ಕೆರೆಯ ವಿಷಯವನ್ನಾದರೋ ಮುಂದೆ ಪ್ರಸ್ತಾಪಿಸಬೇಕಾಗುವುದು.

ಬೇಗೂರಿನ ಸ್ಥಿತಿ ಬೇರೆ. ಅಲ್ಲಿ ಕಲ್ಲುಗಳು ಮಾತನಾಡುತ್ತವೆ. ಶಾಸನಗಳಲ್ಲಿ ಬೆಂಪೂರು ಎಂದು ಕರೆಯಲ್ಪಟ್ಟಿರುವ ಈ ಊರು ತಲಕಾಡಿನ ಗಂಗರ ಕಾಲದಲ್ಲಿ ಹನ್ನೆರಡು ಹಳ್ಳಿಗಳ ಒಂದು ಆಡಳಿತ ಘಟಕದ ಕೇಂದ್ರವಾಗಿದ್ದಿತು. ಇಲ್ಲಿಯ ಪಂಚಲಿಂಗೇಶ್ವರ ದೇವಾಲಯ ಸಮೂಹದಲ್ಲಿ ನಾಗೇಶ್ವರನ ಗುಡಿ ಗಂಗರ ಕಾಲದ್ದು. ಚೋಳರ ಕಾಲದಲ್ಲಿ ಬೇರೆ ಗುಡಿಗಳು ಸೇರಿದವು. ಊರಿನ ಒಡೆಯನಾಗಿದ್ದ ನಾಗತ್ತರನೆಂಬವನ ಹೆಸರು ಎರಡು ಕಲ್ಲುಗಳಿಂದ ನಮಗೆ ತಿಳಿದುಬರುತ್ತದೆ. ಮೊದಲನೆಯದು ಗಾತ್ರದಲ್ಲಿಯೂ ಶಿಲ್ಪದಲ್ಲಿಯೂ ಕರ್ಣಾಟಕದ ವೀರಗಲ್ಲುಗಳಲ್ಲಿ ಎದ್ದುಕಾಣುವಂಥದು. ಗಂಗರ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ನೊಳಂಬರ ಬೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ಮಡಿದನೆಂದೂ, ಅದನ್ನು ಕೇಳಿ ಮೆಚ್ಚಿದ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ದತ್ತಿಯಾಗಿ ಕೊಟ್ಟನೆಂದೂ ಅದರ ಸಾರಾಂಶ. ಆನೆ, ಕುದುರೆ, ಕಾಲಾಳುಗಳ ಸಂದಣಿಯನ್ನು ಕೊರೆದಿರುವ ಈ ಕಲ್ಲನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಹೊರಬಂದ ತಮ್ಮ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಪ್ರಕಟಿಸಿದ್ದರು.

ಎರಡನೆಯ ಕಲ್ಲು ಇಷ್ಟು ಭವ್ಯವಾದುದಲ್ಲ. ಅದು 1914-15ರಲ್ಲಿ ಆರ್. ನರಸಿಂಹಾಚಾರ್ಯರು ಮೈಸೂರು ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದಾಗ ಬೆಳಕಿಗೆ ಬಂದಿತು. ಕ್ರಿ. ಶ. ಸುಮಾರು 890ರದೆಂದು ಲಿಪಿಯಿಂದ ನಿರ್ಣಯಿಸಲಾಗಿರುವ ಈ ಸಣ್ಣ ಬರೆಹವು ಬೆಂಗುಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿಯೆಂಬವನು ಸತ್ತನೆಂದು ತಿಳಿಸುತ್ತದೆ. ಕಾಳಗವು ಯಾರೊಡನೆ, ಯಾವ ಕಾರಣಕ್ಕಾಗಿ ಎಂಬುದನ್ನು ಹೇಳುವ ಗೋಜಿಗೆ ಅದು ಹೋಗುವುದಿಲ್ಲ. ಸತ್ತವನ ಹೆಸರು, ಸತ್ತ ಸ್ಥಳದ ಹೆಸರು, ಅಷ್ಟೇ. ಕೆಂಪೇಗೌಡನಿಗೆ ಆರೂವರೆ ಶತಮಾನಗಳ ಮೊದಲು ಊರಿನ ಹೆಸರು ನಮಗೆ ಹೀಗೆ ಒಬ್ಬ ಸೆಟ್ಟಿಯ ಮರಣದಿಂದ ಲಭಿಸಿದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಹೊಯ್ಸಳ ವೀರಬಲ್ಲಾಳನು ಬೇಟೆಗೆ ಬಂದು ದಾರಿ ತಪ್ಪಿ, ಒಬ್ಬ ಮುದುಕಿಯು ಕೊಟ್ಟ ಬೆಂದ ಕಾಳನ್ನು ತಿಂದು, ಊರಿಗೆ ಬೆಂದಕಾಳೂರೆಂಬ ಹೆಸರಿಟ್ಟನೆಂಬ ಕಥೆ ಮನೆಮನೆಗೂ ಗೊತ್ತು. ಸ್ವತಃ ರೈಸ್ ಅವರೂ 1897ರ ತಮ್ಮ ಗೆಜೆಟಿಯರಿನಲ್ಲಿ ಇದಕ್ಕೆ ಸ್ಥಾನ ಕೊಟ್ಟಿದ್ದರು. ಆಗಿನ್ನೂ ಬೇಗೂರಿನ ಎರಡನೆಯ ಕಲ್ಲು ಪತ್ತೆಯಾಗಿರಲಿಲ್ಲವಾದುದರಿಂದ ಅವರನ್ನು ದೂಷಿಸಲಾಗದು. ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದುದು 1173ರಲ್ಲಿ. ಕಲ್ಲು ಅವನಿಗಿಂತ ಮೂರು ಶತಮಾನ ಹಿರಿದು. ಕಥೆಯ ರುಚಿ ಕಥೆಯದಾಗಿಯೇ ಉಳಿಯಲಿ. ಪಠ್ಯಪುಸ್ತಕದಲ್ಲಿ ಅದಕ್ಕೆ ವ್ಯುತ್ಪತ್ತಿಯ ಪದವಿ ಬೇಡ. ಎರಡನೆಯದಾಗಿ, 1537ರಲ್ಲಿ ಕೆಂಪೇಗೌಡನು ಮಾಡಿದುದು ನಾಮಕರಣವಲ್ಲ, ನಿರ್ಮಾಣ. ಇದರಿಂದ ಅವನ ಕೀರ್ತಿಗೆ ಕುಂದೇನೂ ಇಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ನಗರದ ಉತ್ತರಕ್ಕೆ ಕೊಡಿಗೇಹಳ್ಳಿಯ ಬಳಿ ಹಳೇಬೆಂಗಳೂರು ಎಂಬ ಒಂದು ಸಣ್ಣ ಗ್ರಾಮವಿತ್ತು. ಕೆಂಪೇಗೌಡನ ತಾಯಿ ಆ ಊರಿನವಳೆಂದೂ, ಅದರ ಹೆಸರನ್ನೇ ಅವನು ತನ್ನ ಹೊಸ ಪಟ್ಟಣಕ್ಕೆ ಇಟ್ಟನೆಂದೂ ಪರಂಪರೆ. ಹಾಗಾದರೆ ಬೇಗೂರಿನ ಕಲ್ಲು ಹೇಳುವ ಬೆಂಗುಳೂರು ಆ ಉತ್ತರದ ಗ್ರಾಮವೇ ಏಕಾಗಬಾರದು? ಈ ಪಕ್ಷಕ್ಕೆ ಬಲವಿಲ್ಲವೆಂದಲ್ಲ. ಕೊಡಿಗೇಹಳ್ಳಿಗೆ ಸಮೀಪದ ಹೆಬ್ಬಾಳದಲ್ಲಿ ದೊರೆತ, ಗಂಗ ಶ್ರೀಪುರುಷನ ಕಾಲದ, ಸುಮಾರು 750ರ ಕಿತ್ತಯ್ಯನ ವೀರಗಲ್ಲು ಆ ಭಾಗವೂ ಬಹು ಹಳೆಯ ವಸತಿಯೆಂಬುದಕ್ಕೆ ಸಾಕ್ಷಿ. ಆದರೆ ಇನ್ನೊಂದು ಬರೆಹವನ್ನು ಇದರೊಡನೆ ಇಟ್ಟು ನೋಡಬೇಕಾಗಿದೆ. ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆಯ ಮೇಲಿರುವ 1247ರ ತಮಿಳು ಶಾಸನವು ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯ ದಾನವನ್ನು ಹೇಳುತ್ತದೆ; ದಾನಿಯು ಬೇಗೂರಿನವನು. ಕ್ರಿ. ಶ. 1004ರ ಸುಮಾರಿನಲ್ಲಿ ಗಂಗರು ಚೋಳರಿಗೆ ಸೋತ ಮೇಲೆ ಈ ಸೀಮೆಯಲ್ಲಿ ತಮಿಳು ಶಾಸನಗಳು ಹೇರಳವಾದುದರಿಂದ ಭಾಷೆಯ ವಿಷಯದಲ್ಲಿ ಆಶ್ಚರ್ಯಪಡಬೇಕಾದುದಿಲ್ಲ. ಗಮನಿಸಬೇಕಾದುದು ಸ್ಥಳ. ಮಡಿವಾಳದಿಂದ ಹಳೇಬೆಂಗಳೂರಿಗೆ ನೇರ ದಾರಿಯಲ್ಲಿಯೇ ಹತ್ತು ಮೈಲಿ. ಬೇಗೂರಿನ ಗೃಹಸ್ಥನು ಮಡಿವಾಳದ ದೇವರಿಗೆ ಹತ್ತು ಹದಿಮೂರು ಮೈಲಿ ಆಚೆಯ ಗದ್ದೆಯನ್ನು ಬಿಡುವುದು ಅಸಾಧ್ಯವೇನೂ ಅಲ್ಲ; ಆದರೆ ಸುತ್ತಮುತ್ತಲೇ ಕೆರೆಗಳು ತುಂಬಿದ್ದ ನಾಡಿನಲ್ಲಿ ಅದು ಸಹಜವಲ್ಲ. ದಕ್ಷಿಣದ ಎರಡು ಕಲ್ಲುಗಳು, ಮುನ್ನೂರೈವತ್ತು ವರ್ಷಗಳ ಅಂತರದಲ್ಲಿ, ಒಂದೇ ಹೆಸರನ್ನು ನೆರೆಯೂರಿನಂತೆ ಹೇಳುತ್ತಿರುವಾಗ ಆ ಊರನ್ನು ಇಂದಿನ ನಗರದ ದಕ್ಷಿಣ ಭಾಗದಲ್ಲಿಯೇ ಹುಡುಕುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಮಡಿವಾಳದ ಶಾಸನವು ಊರನ್ನು ಗುರುತಿಸಲು ಕೆರೆಯನ್ನು ಬಳಸಿದುದು ವಿಚಾರಾರ್ಹ. ನದಿಯಿಲ್ಲದ ಈ ಪ್ರಸ್ಥಭೂಮಿಯಲ್ಲಿ ಕೆರೆಯೇ ಮೊದಲ ಹೆಗ್ಗುರುತು, ಕೋಟೆ ಆಮೇಲಿನದು. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲಾಗಿ ಕಟ್ಟಿದ ಈ ಕೆರೆಗಳನ್ನು ಯಾವ ಪ್ರವಾಸಿಯೂ ಸ್ಮಾರಕವೆಂದು ನೋಡಲು ಬರುವುದಿಲ್ಲ. ಹುಳಿಮಾವಿನ ಕೆರೆಯ ಹೆಸರು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದುದು 2019ರ ನವೆಂಬರ್ 24ರಂದು ಅದರ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದಾಗ. ಕೆಂಪೇಗೌಡನೂ ಪೇಟೆಯೊಡನೆ ಧರ್ಮಾಂಬುಧಿಯೇ ಮೊದಲಾದ ಕೆರೆಗಳನ್ನು ಕಟ್ಟಿಸಿದನೆಂಬುದನ್ನು ಇಲ್ಲಿ ನೆನೆಯಬಹುದು. ಆ ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ.

ಯಲಹಂಕ ನಾಡಪ್ರಭುಗಳ ವಂಶದ ಕೆಂಪೇಗೌಡನು ವಿಜಯನಗರದ ಅಚ್ಯುತರಾಯನ ಸಾಮಂತನಾಗಿದ್ದು 1537ರಲ್ಲಿ ಮಣ್ಣಿನ ಕೋಟೆಯನ್ನೂ ಅದರೊಳಗೆ ಪೇಟೆಯನ್ನೂ ಕಟ್ಟಿದನು. ಹಲಸೂರು, ಯಲಹಂಕ, ಆನೇಕಲ್ಲು, ಸೊಂಡೆಕೊಪ್ಪ ಎಂಬ ಊರುಗಳ ದಾರಿಗೆ ನಾಲ್ಕು ಬಾಗಿಲುಗಳು, ಚಿಕ್ಕಪೇಟೆ ದೊಡ್ಡಪೇಟೆಗಳು ಅಡ್ಡ ಹಾಯುವ ಕೂಡುರಸ್ತೆ, ಕಸುಬಿಗೊಂದು ಬೀದಿ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ತರಗುಪೇಟೆ ಎಂಬ ಹೆಸರುಗಳೇ ಇದಕ್ಕೆ ಶಾಸನ. (ಬೇಗೂರಿನ ನಾಗತ್ತರನ ಹೆಸರಿಗೂ ನಗರ್ತಪೇಟೆಗೂ ಧ್ವನಿಸಾಮ್ಯವನ್ನು ಕಂಡು ಸಂಬಂಧ ಕಲ್ಪಿಸುವ ಉತ್ಸಾಹಿಗಳಿದ್ದಾರೆ. ನಗರ್ತರು ವರ್ತಕ ಸಮುದಾಯದವರು. ಬೀದಿಗೆ ಹೆಸರು ಬಂದುದು ಅವರಿಂದ.) ಬಸವನಗುಡಿಯ ಏಕಶಿಲೆಯ ಬಸವ, ಗವಿ ಗಂಗಾಧರೇಶ್ವರನ ಗುಹಾಲಯ ಇವು ಕೆಂಪೇಗೌಡರ ಹೆಸರಿನೊಡನೆ ಸೇರಿಬಂದಿವೆ. ಎರಡನ್ನೂ ಕುರಿತು ಬೇಕಾದಷ್ಟು ಬರೆಯಲ್ಪಟ್ಟಿದೆಯಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಕೆಂಪೇಗೌಡನ ಊರು ಸ್ವತಂತ್ರ ರಾಜ್ಯವೊಂದರ ರಾಜಧಾನಿಯಾಗಿರಲಿಲ್ಲವೆಂಬುದನ್ನು ಮರೆಯಬಾರದು. ತನ್ನದೇ ನಾಣ್ಯವನ್ನು ಅಚ್ಚುಹಾಕಿಸಿದುದಕ್ಕಾಗಿ ಅವನು ಆನೆಗೊಂದಿಯಲ್ಲಿ ಸೆರೆಯಲ್ಲಿರಬೇಕಾಯಿತೆಂಬ ಪರಂಪರೆಯೇ ಅವನ ಅಧಿಕಾರದ ಮಿತಿಯನ್ನು ತೋರಿಸುತ್ತದೆ. ಆ ಬಳಿಕವೂ ಹಾಗೆಯೇ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನು ಊರನ್ನು ಗೆದ್ದಾಗ ಗೌಡರ ಮನೆತನ ಮಾಗಡಿಗೆ ಸರಿಯಿತು; ಬೆಂಗಳೂರು ಷಹಾಜಿಯ ಜಹಗೀರಿಯಾಯಿತು. 1687ರಲ್ಲಿ ಮೊಗಲರ ಸೇನಾನಿ ಕಾಸಿಂ ಖಾನನು ಅದನ್ನು ಹಿಡಿದನು. ಅವನಿಂದ ಚಿಕ್ಕದೇವರಾಜ ಒಡೆಯರು ಮೂರು ಲಕ್ಷಕ್ಕೆ ಕೊಂಡುಕೊಂಡರು. ಯುದ್ಧದಿಂದಲ್ಲ, ಹಣದಿಂದ ಕೈಬದಲಾದ ಊರು! ಒಡೆಯರ ರಾಜಧಾನಿಯಾದರೋ ಶ್ರೀರಂಗಪಟ್ಟಣ. ಅವರು ಪೇಟೆಯ ದಕ್ಷಿಣಕ್ಕೆ ಅಂಡಾಕೃತಿಯ ಕೋಟೆಯನ್ನು ಕಟ್ಟಿಸಿದರೆಂದೂ, ಅದರೊಳಗಿನ ವೆಂಕಟರಮಣ ದೇವಾಲಯವು ಅವರ ನಿರ್ಮಾಣವೆಂದೂ ಪ್ರತೀತಿ. 1761ರಲ್ಲಿ ಹೈದರ್ ಅಲಿ ಆ ಕೋಟೆಯನ್ನು ಕಲ್ಲಿನಲ್ಲಿ ಪುನಃ ಕಟ್ಟಿಸಿದನು. ಉತ್ತರಕ್ಕೆ ಪೇಟೆಯ ಕಡೆ ದಿಲ್ಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು.

ಈ ಕೋಟೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಸ್ಮಾರಕಗಳಲ್ಲಿ ಅತ್ಯಂತ ಮುಖ್ಯವಾದುದೂ ಅತ್ಯಂತ ಹಾಳಾದುದೂ ಇದೇ. ಅದರೊಳಗಿನ ಮರದ ಅರಮನೆಯ ಕೆಲಸವನ್ನು ಹೈದರ್ 1781ರಲ್ಲಿ ಆರಂಭಿಸಿದನು. ಟೀಪೂ ಸುಲ್ತಾನನು 1791ರಲ್ಲಿ ಮುಗಿಸಿದನು. ತೇಗದ ಎತ್ತರವಾದ ಕಂಬಗಳು, ಬಾಗಿದ ಕಮಾನುಗಳು, ದರ್ಬಾರು ನಡೆಸುತ್ತಿದ್ದ ಮೇಲಂತಸ್ತಿನ ಮೊಗಸಾಲೆಗಳು. ಸ್ವರ್ಗವೂ ಅಸೂಯೆಪಡುವ ಮನೆಯೆಂದು ಪಾರಸಿ ಬರೆಹವೊಂದು ಅದನ್ನು ಹೊಗಳಿತು. ಮುಗಿದ ವರ್ಷದಲ್ಲಿಯೇ ಮನೆಯ ಒಡೆತನ ಕೈತಪ್ಪಿತು. ಕಾರ್ನ್‌ವಾಲಿಸನ ಸೈನ್ಯವು ಮಾರ್ಚ್ 7ರಂದು ಹಲಸೂರು ಬಾಗಿಲಿನಿಂದ ಪೇಟೆಯನ್ನು ಹೊಕ್ಕಿತು. ಎರಡು ವಾರಗಳ ಮುತ್ತಿಗೆಯ ಬಳಿಕ ಮಾರ್ಚ್ 21ರ ರಾತ್ರಿ ಕೋಟೆಯ ಗೋಡೆಯನ್ನು ಒಡೆದು ಒಳನುಗ್ಗಿತು. ಕಿಲ್ಲೇದಾರ ಬಹದ್ದೂರ್ ಖಾನನು ಹೋರಾಡುತ್ತ ಮಡಿದನು. ಇಂದು ಕೋಟೆಯಲ್ಲಿ ಉಳಿದಿರುವುದು ದಿಲ್ಲಿ ಬಾಗಿಲು ಮತ್ತು ಅದರ ಆಸುಪಾಸಿನ ಸ್ವಲ್ಪ ಗೋಡೆ. ಮಿಕ್ಕುದು ರಸ್ತೆಗಾಗಿ, ಆಸ್ಪತ್ರೆಗಾಗಿ, ಮಾರುಕಟ್ಟೆಗಾಗಿ ಕ್ರಮೇಣ ಕರಗಿತು. 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯೂ 1921ರ ಕೃಷ್ಣರಾಜೇಂದ್ರ ಮಾರುಕಟ್ಟೆಯೂ ಈ ನೆಲದ ಸುತ್ತಿನಲ್ಲಿಯೇ ಎದ್ದವು. ರೋಗಿಗೆ ಹಾಸಿಗೆಯೂ ಊರಿಗೆ ತರಕಾರಿಯೂ ಬೇಡವೆನ್ನಲು ಯಾವ ಇತಿಹಾಸಕಾರನಿಗೂ ಧೈರ್ಯವಿರದು; ಆದರೆ ಕೆಡವುವ ಮುನ್ನ ಅಳೆದು ಬರೆದಿಡುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲುತ್ತಿರಲಿಲ್ಲ.

ಉಳಿದ ಗೋಡೆಯ ಮೇಲೆ ಒಂದು ಕಲ್ಲಿನ ಫಲಕವುಂಟು. ಬ್ರಿಟಿಷರ ದಾಳಿ ಈ ಒಡಕಿನ ಮೂಲಕ ನಡೆಯಿತೆಂದು ಅದು ಇಂಗ್ಲಿಷಿನಲ್ಲಿ ತಾರೀಖಿನೊಡನೆ ಸಾರುತ್ತದೆ. ಕಿಲ್ಲೇದಾರನ ಹೆಸರು ಅದರಲ್ಲಿಲ್ಲ. ಬೇಗೂರಿನ ಬುಟ್ಟಣಸೆಟ್ಟಿಯ ಕಲ್ಲನ್ನು ಕಂಡವರಿಗೆ ಈ ಎರಡು ಬಗೆಯ ಯುದ್ಧಸ್ಮಾರಕಗಳ ವ್ಯತ್ಯಾಸ ಥಟ್ಟನೆ ತೋರುವುದು. ವೀರಗಲ್ಲಿಗೆ ಯಾರು ಗೆದ್ದರೆಂಬುದು ಅಮುಖ್ಯ. ಫಲಕಕ್ಕೆ ಯಾರು ಸತ್ತರೆಂಬುದು ಅಮುಖ್ಯ.

ಬೆಂಗಳೂರು ನಿಜವಾಗಿ ರಾಜ್ಯದ ರಾಜಧಾನಿಯಾದುದು 1831ರಲ್ಲಿ. ಆ ವರ್ಷ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡು ಕಮೀಷನರರ ಕಚೇರಿಯನ್ನು ಇಲ್ಲಿ ಸ್ಥಾಪಿಸಿದರು. 1809ರಿಂದಲೇ ಪೇಟೆಯ ಈಶಾನ್ಯಕ್ಕೆ ದಂಡು ನೆಲೆಸಿದ್ದುದರಿಂದ ಈ ಆಯ್ಕೆ ಅವರಿಗೆ ಅನುಕೂಲವಾಗಿತ್ತು. ಹೊಸ ರಾಜಧಾನಿಗೆ ಹೊಸ ಕಟ್ಟಡವಿರಲಿಲ್ಲ. ಸರ್ಕಾರದ ಇಲಾಖೆಗಳು ಸೇರಿಕೊಂಡುದು ಟೀಪೂವಿನ ಅರಮನೆಯಲ್ಲಿ! ಮೂವತ್ತೇಳು ವರ್ಷ, ಮಾರ್ಕ್ ಕಬ್ಬನ್ನನ ದೀರ್ಘ ಆಡಳಿತವೂ ಸೇರಿದಂತೆ, ಮೈಸೂರು ಸೀಮೆಯ ಕಂದಾಯದ ಲೆಕ್ಕಗಳು ಸ್ವರ್ಗದ ಅಸೂಯೆಯ ಆ ಮೊಗಸಾಲೆಗಳಲ್ಲಿ ಬರೆಯಲ್ಪಟ್ಟವು. ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ 1864ರಲ್ಲಿ ಆರಂಭವಾದ ಕೆಂಪು ಕಟ್ಟಡವು 1868ರಲ್ಲಿ ಸಿದ್ಧವಾಗಿ, ಹದಿನೆಂಟು ಇಲಾಖೆಗಳು ಅಲ್ಲಿಗೆ ಸಾಗಿದುದರಿಂದ ಅಠಾರಾ ಕಚೇರಿ ಎಂಬ ಹೆಸರು ನಿಂತಿತು. ಈ ಸ್ಥಳಾಂತರವೇ ಬೆಂಗಳೂರಿನ ಕಟ್ಟಡಗಳ ಇತಿಹಾಸದಲ್ಲಿ ನಿರ್ಣಾಯಕವಾದ ಘಟನೆಯೆಂದು ನಾನು ಭಾವಿಸುತ್ತೇನೆ. ಅಧಿಕಾರವು ಕೋಟೆಯನ್ನು ಬಿಟ್ಟು ತೋಟಕ್ಕೆ ನಡೆಯಿತು. 1870ರಲ್ಲಿ ಕಬ್ಬನ್ ಉದ್ಯಾನ, 1877ರಲ್ಲಿ ವಸ್ತುಸಂಗ್ರಹಾಲಯದ ಕಟ್ಟಡ ಅದನ್ನು ಹಿಂಬಾಲಿಸಿದವು. ಅಧಿಕಾರವು ತೊರೆದ ಕೋಟೆಯನ್ನು ಕಾಪಾಡುವವರು ಯಾರೂ ಉಳಿಯಲಿಲ್ಲ. ಅರಮನೆಯ ದೊಡ್ಡ ಆವರಣದಲ್ಲಿ ಇಂದು ಕಾಣುವ ಒಂದು ಭಾಗವಾದರೂ ಉಳಿದುದಕ್ಕೆ ಅಲ್ಲಿ ಅಷ್ಟು ಕಾಲ ಗುಮಾಸ್ತರು ಕುಳಿತಿದ್ದುದೂ ಒಂದು ಕಾರಣವಿರಬಹುದು. ಖಾಲಿ ಮನೆ ಬೇಗ ಬೀಳುತ್ತದೆ.

1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದರೂ ದೊರೆ ಮೈಸೂರಿನಲ್ಲಿ, ದಿವಾನರ ಕಚೇರಿ ಬೆಂಗಳೂರಿನಲ್ಲಿ ಎಂಬ ಏರ್ಪಾಡು ಮುಂದುವರಿಯಿತು. ಸ್ವಾತಂತ್ರ್ಯಾನಂತರ ಅಠಾರಾ ಕಚೇರಿಯ ಎದುರಿನಲ್ಲಿಯೇ ವಿಧಾನಸೌಧ ಎದ್ದಿತು. 1951ರ ಜುಲೈ 13ರಂದು ಜವಾಹರಲಾಲ ನೆಹರೂ ಅಡಿಗಲ್ಲನ್ನಿಟ್ಟಾಗ ಯೋಜನೆ ಸರಳವಾಗಿತ್ತು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ತಿರುಗಿಸಿ ಬರೆಸಿದರು, ಬಿ. ಆರ್. ಮಾಣಿಕ್ಯಂ ಅವರ ಉಸ್ತುವಾರಿಯಲ್ಲಿ 700 ಅಡಿ ಉದ್ದ, 350 ಅಡಿ ಅಗಲದ ಕಲ್ಲಿನ ಸೌಧವು ಸುಮಾರು 1.84 ಕೋಟಿ ರೂಪಾಯಿಗಳ ವೆಚ್ಚದಲ್ಲಿ 1956ರಲ್ಲಿ ಮುಗಿಯಿತು. ಅದೇ ವರ್ಷದ ನವೆಂಬರ್ 1ರಂದು ಕನ್ನಡ ನಾಡು ಒಂದಾಗಿ, ಹಳೆಯ ಮೈಸೂರಿಗಾಗಿ ಕಟ್ಟತೊಡಗಿದ ಕಟ್ಟಡವು ದೊಡ್ಡ ರಾಜ್ಯಕ್ಕೆ ಒದಗಿತು. ಎದುರಿನ ಕೆಂಪು ಕಟ್ಟಡದ ಪಾಶ್ಚಾತ್ಯ ಕಂಬಗಳಿಗೆ ಉತ್ತರವೆಂಬಂತೆ ಇಲ್ಲಿ ದ್ರಾವಿಡ ಕಂಬಗಳ ಸಾಲು. ಹೀಗಿದ್ದರೂ ಅಠಾರಾ ಕಚೇರಿಯನ್ನು ಕೆಡವುವ ವಿಚಾರ 1980ರ ದಶಕದಲ್ಲಿ ಎದ್ದಾಗ ನಾಗರಿಕರು ವಿರೋಧಿಸಿದರು, ಕಟ್ಟಡ ಉಳಿಯಿತು. ಉಚ್ಚ ನ್ಯಾಯಾಲಯವು ಇಂದಿಗೂ ಅಲ್ಲಿಯೇ ಇದೆ.

ಅಠಾರಾ ಕಚೇರಿಯಿಂದ ಉದ್ಯಾನವನ್ನು ದಾಟಿದರೆ ವಸ್ತುಸಂಗ್ರಹಾಲಯ. ನಾಗತ್ತರನ ದೊಡ್ಡ ವೀರಗಲ್ಲು ಬೇಗೂರನ್ನು ಬಿಟ್ಟು ಬಂದು ಅಲ್ಲಿಯ ಸಂಗ್ರಹವನ್ನು ಸೇರಿದೆ. ಬುಟ್ಟಣಸೆಟ್ಟಿಯ ಚಿಕ್ಕ ಕಲ್ಲನ್ನು ಯಾರೂ ತರಲಿಲ್ಲ. ಬಹುಕಾಲ ಉಪೇಕ್ಷೆಗೆ ಗುರಿಯಾಗಿದ್ದ ಅದು ನಾಗೇಶ್ವರನ ಗುಡಿಯ ಆವರಣದಲ್ಲಿಯೇ, ಹುಳಿಮಾವಿನಿಂದ ಎರಡು ಮೈಲಿ ದೂರದಲ್ಲಿ ಇದೆ.